ಹನ್ನೊಂದು ಸಾಲು

ಇಪ್ಪತ್ತಾರು ನಿಮಿಷದ ಸಿನಿಮಾ ಮುಗಿದು ಗ್ರಂಥಾಲಯದ ಮೇಲ್ಮಹಡಿಯ ವಾಚನಾಲಯದಲ್ಲಿ ದೀಪ ಹತ್ತಿಕೊಂಡಾಗ, ಅಲ್ಲಿ ಕೂತಿದ್ದ ನಲವತ್ತು ಚಿಲ್ಲರೆ ಜನ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಎರಡು ಸಲ ತಟ್ಟಿ, ಜೊತೆಗೆ ಯಾರೂ ಸೇರದ್ದನ್ನು ಕಂಡು, ಕೈಗಳನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡರು. ಮೂರನೆಯ ಸಾಲಿನಲ್ಲಿ, ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದ ಮೊಳೆಯಣ್ಣ ತಲೆ ಎತ್ತಲಿಲ್ಲ. ಕೊನೆಯ ನಾಲ್ಕು ನಿಮಿಷ ಅವನು ಪರದೆಯನ್ನು ನೋಡಿರಲೇ ಇಲ್ಲ. ತನ್ನ ಬಲಗೈ ಹೆಬ್ಬೆರಳ ಉಗುರನ್ನು ನೋಡುತ್ತ ಕೂತಿದ್ದ.

ಅದು ಅವನ ಮಗಳು ಮಾಡಿದ ಸಿನಿಮಾ. ಅವಳಿಗೆ ಹಗಲು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ. ವಾರಕ್ಕೆ ಮೂರು ಸಂಜೆ ಇದೇ ಗ್ರಂಥಾಲಯದ ಕೆಳಗಿನ ಕೋಣೆಯಲ್ಲಿ ಸಿನಿಮಾ ತರಗತಿ. ಮೂವತ್ತೊಂಬತ್ತು ತುಂಬಿದ ಮೇಲೆ ಇದೇನು ಹೊಸ ಹುಚ್ಚು ಎಂದು ತಾಯಿ ಗೊಣಗಿದಾಗ, "ದಿನಾ ಜನರ ಮೂಳೆ ನೋಡಿ ನೋಡಿ ಸಾಕಾಗಿದೆ ಅಮ್ಮ, ಇನ್ನು ಸ್ವಲ್ಪ ಮುಖಾನೂ ನೋಡೋಣ ಅಂತ" ಎಂದಿದ್ದಳು. ಎರಡು ವರ್ಷ ಒದ್ದಾಡಿ ಮಾಡಿದ್ದಳು. ಆರಿಸಿಕೊಂಡದ್ದು ದರ್ಜಿಯ ಕತೆ.

ಕತೆಗೆ ಬೇರೆ ಹೆಸರಿದೆ. ಆದರೆ ಏಳನೆಯ ತರಗತಿಯ ಪುಸ್ತಕದಲ್ಲಿ ಓದಿದವರೆಲ್ಲ ಅದನ್ನು 'ದರ್ಜಿ ಪಾಠ' ಎಂದೇ ಕರೆಯುವುದು. ನಲವತ್ತಾರು ವರ್ಷಗಳಿಂದ ಅದು ಪುಸ್ತಕದಲ್ಲಿದೆ. ಅಜ್ಜಿ ಓದಿದ ಪಾಠವನ್ನೇ ಮೊಮ್ಮಗಳೂ ಓದುತ್ತಿದ್ದಾಳೆ. ಮುದುಕ ದರ್ಜಿಯೊಬ್ಬನ ಮಗ ಜಗಳವಾಡಿಕೊಂಡು ಮನೆ ಬಿಟ್ಟು ಹೋಗಿರುತ್ತಾನೆ. ದರ್ಜಿ ಪ್ರತಿ ಚಳಿಗಾಲಕ್ಕೆ ಮೊದಲು, ಈಗ ಇಷ್ಟು ಎತ್ತರ ಬೆಳೆದಿರಬಹುದು ಎಂದು ಮನಸ್ಸಿನಲ್ಲೇ ಅಳೆದು, ಮಗನಿಗೆಂದು ಹೊಲಿದಿಟ್ಟ ಕೋಟನ್ನು ಬಿಚ್ಚಿ, ತುಂಡು ಸೇರಿಸಿ, ದೊಡ್ಡದು ಮಾಡುತ್ತಾನೆ. ಒಂದು ಸಂಜೆ ನಡುಗುತ್ತ ಬಾಗಿಲಿಗೆ ಬಂದ ದಾರಿಹೋಕನಿಗೆ ಆ ಕೋಟನ್ನು ತೊಡಿಸುತ್ತಾನೆ. ಹೇಳಿ ಹೊಲಿಸಿದ ಹಾಗೆ ಅದು ಅವನಿಗೆ ಸರಿಹೋಗುತ್ತದೆ. 'ಅವನು ತಿರುವಿನಲ್ಲಿ ಮರೆಯಾಗುವವರೆಗೂ ದರ್ಜಿ ಬಾಗಿಲಲ್ಲಿ ದೀಪ ಎತ್ತಿ ಹಿಡಿದು ನಿಂತಿದ್ದ.' ಪಾಠ ಅಲ್ಲಿಗೆ ಮುಗಿಯುತ್ತದೆ. ಆ ಸಾಲಿಗೆ ಬಂದಾಗ ಮೇಷ್ಟರುಗಳೂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಮಗಳ ಸಿನಿಮಾ ಅಲ್ಲಿಗೆ ಮುಗಿಯಲಿಲ್ಲ. ದೀಪ ಕೆಳಗಿಟ್ಟ ದರ್ಜಿ ಗೋಡೆಯ ಖಾಲಿ ಗೂಟವನ್ನು ನೋಡುತ್ತಾನೆ. ನೋಡುತ್ತ ನೋಡುತ್ತ ಅವನ ಮುಖ ಬದಲಾಗುತ್ತದೆ. ಚಪ್ಪಲಿಯನ್ನೂ ಮೆಟ್ಟದೆ ಓಡುತ್ತಾನೆ. ದಾರಿಹೋಕನನ್ನು ಹಿಡಿದು ನಿಲ್ಲಿಸಿ, ಏದುಸಿರು ಬಿಡುತ್ತ, ಕೋಟನ್ನು ವಾಪಸ್ ಕೇಳುತ್ತಾನೆ. ಆ ಮನುಷ್ಯ ಒಂದು ಮಾತೂ ಆಡದೆ ಗುಂಡಿಗಳನ್ನು ಬಿಚ್ಚಿ, ಕೋಟನ್ನು ನೀಟಾಗಿ ಮಡಿಸಿ ಕೊಟ್ಟು, ಬರೀ ಅಂಗಿಯಲ್ಲಿ ಮುಂದೆ ನಡೆಯುತ್ತಾನೆ. ದರ್ಜಿ ಮನೆಗೆ ಬಂದು ಕೋಟನ್ನು ಗೂಟಕ್ಕೆ ಹಾಕಲಾರದೆ, ಇಷ್ಟಗಲದ ಕೋಣೆಯಲ್ಲಿ ಅದನ್ನಿಡಲು ಒಂದು ಜಾಗವನ್ನೂ ಕಾಣದೆ, ಕೈಯಲ್ಲೇ ಹಿಡಿದುಕೊಂಡು ನಿಲ್ಲುತ್ತಾನೆ.

ಮೊದಲು ಬಾಯಿ ಬಿಟ್ಟವಳು ಔಷಧಿ ಅಂಗಡಿಯಾಕೆ.

"ಏನಮ್ಮ ಇದು? ನಮ್ಮ ದರ್ಜೀನ ಹೀಗಾ ಮಾಡೋದು? ದೀಪ ಹಿಡಿದು ನಿಂತಾಗ ಅಳು ಬಂದಿತ್ತು ನನಗೆ. ಕರ್ಚೀಫು ತೆಗೆಯೋ ಅಷ್ಟರಲ್ಲಿ ಅವನು ಕೋಟು ವಾಪಸ್ ಕೇಳೋಕೆ ಓಡ್ತಿದಾನೆ! ಅಳಬೇಕೋ ಬೈಬೇಕೋ ಗೊತ್ತಾಗಲಿಲ್ಲ."

"ಏಯ್ ಇಸ್ತ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ದರ್ಜಿಯ ಪಾತ್ರ ಮಾಡಿದ್ದವನು ಮೊಳೆಯಣ್ಣನ ಬೀದಿಯ ಇಸ್ತ್ರಿ ಅಂಗಡಿಯವನು. "ಕೊಟ್ಟ ಕೋಟನ್ನೇ ಕಿತ್ಕೊಂಡ್ಯಲ್ಲೋ. ನಿನ್ನ ಹತ್ರ ಬಟ್ಟೆ ಕೊಡೋದಕ್ಕೂ ಇನ್ಮೇಲೆ ಯೋಚನೆ ಮಾಡಬೇಕು."

"ನನ್ನ ಯಾಕ್ರಪ್ಪ ಕೇಳ್ತೀರಾ?" ಎಂದು ಇಸ್ತ್ರಿಯವನು ಎದ್ದು ಕೈ ಮುಗಿದ. "ಅಕ್ಕ ಓಡು ಅಂದ್ರು, ಓಡಿದೆ. ಹನ್ನೆರಡು ಸಲ ಓಡಿಸಿದ್ರು. ಹದಿಮೂರನೇ ಸಲ ಓಡಿಸಿದ್ದಿದ್ರೆ ಕೋಟು ಒಂದೇ ವಾಪಸ್ ಬರ್ತಿತ್ತು, ನಾನು ಬರ್ತಿರಲಿಲ್ಲ."

ಜನ ನಕ್ಕರು. ಮಗಳೂ ನಗಲು ನೋಡಿದಳು. ಅವಳು ಪರದೆಯ ಪಕ್ಕದಲ್ಲಿ ನಿಂತಿದ್ದಳು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕಡತ. ಹುಡುಗಿಯಾಗಿದ್ದಾಗ ತಪ್ಪು ಲೆಕ್ಕ ಮಾಡಿ ಹಲಗೆಯ ಮುಂದೆ ನಿಂತಾಗ ಹೇಗೆ ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದಳೋ ಹಾಗೆಯೇ ನಿಂತಿದ್ದಳು. ಮೊಳೆಯಣ್ಣ ಮತ್ತೆ ತನ್ನ ಉಗುರಿಗೆ ಕಣ್ಣು ತಿರುಗಿಸಿದ.

ಆಮೇಲೆ ಮೇಷ್ಟರು ಎದ್ದರು. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಅವರು ಎದ್ದರೆ ಕೋಣೆ ಸುಮ್ಮನಾಗುತ್ತಿತ್ತು. ಅಲ್ಲಿ ಕೂತವರಲ್ಲಿ ಅರ್ಧ ಜನ ಅವರ ಹತ್ತಿರ ಕಿವಿ ಹಿಂಡಿಸಿಕೊಂಡವರು. ಚೀಲದಿಂದ ಹಳೆಯ ಏಳನೆಯ ತರಗತಿಯ ಪುಸ್ತಕ ತೆಗೆದರು. ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿ ಉಳಿಸಿಕೊಂಡಿದ್ದ ಪ್ರತಿ.

"ಮೂವತ್ತೊಂದು ವರ್ಷ ಈ ಪಾಠ ಮಾಡಿದೀನಿ," ಎಂದರು. "ಏನು ಕೇಳ್ತಿದ್ದೆ ಪರೀಕ್ಷೇಲಿ? ದರ್ಜಿಯ ಔದಾರ್ಯವನ್ನು ವಿವರಿಸಿ. ಐದು ಅಂಕ. ಈ ಸಿನಿಮಾ ನೋಡಿದ ಮಗು ಏನು ಬರೀಬೇಕು, ನೀನೇ ಹೇಳಮ್ಮ."

"ಸರ್, ಅದು ನಾನು ಸೇರಿಸಿದ್ದಲ್ಲ," ಎಂದು ಮಗಳು ಕಡತ ಬಿಚ್ಚಿದಳು. "ಕತೆ ಮೊದಲು ಅಚ್ಚಾಗಿದ್ದು ಒಂದು ಮಾಸಪತ್ರಿಕೇಲಿ. ಕೆಳಗಿನ ಹಳೇ ಕಟ್ಟುಗಳಲ್ಲಿ ಸಿಕ್ತು. ಇಲ್ಲಿದೆ ನೋಡಿ ಜೆರಾಕ್ಸು. ದೀಪದ ಸಾಲು ಆದ್ಮೇಲೆ ಇನ್ನೂ ಒಂದು ಭಾಗ ಇದೆ. ನಾನು ಮಾಡಿರೋದು ಅದನ್ನೇ."

"ಗೊತ್ತು, ಕೇಳಿದೀನಿ. ಪತ್ರಿಕೇಲಿ ಬಂದಿದ್ದು ಕರಡು. ಪಾಠಕ್ಕೆ ಕೊಡುವಾಗ ಪುಸ್ತಕ ಸಮಿತಿಯವರು ತೆಗೀರಿ ಅಂದ್ರು, ಬರೆದವರು ಒಪ್ಪಿ ತೆಗೆದ್ರು. ದೊಡ್ಡ ಲೇಖಕ ಅಂದ್ರೆ ಅದು. ಎಲ್ಲಿ ನಿಲ್ಲಿಸಬೇಕು ಅಂತ ತಿಳ್ಕೊಂಡವರು. ಅವರು ಹೋಗಿ ನಲವತ್ತೈದು ವರ್ಷ ಆಯ್ತು. ಅವರೇ ಬೇಡ ಅಂತ ಬಿಟ್ಟಿದ್ದನ್ನ ನೀನು ಕಸದ ಬುಟ್ಟಿಯಿಂದ ಹೆಕ್ಕಿ ತಂದು ತೋರಿಸ್ತಿದೀಯಲ್ಲ, ಅದು ಮರ್ಯಾದೇನಾ?"

'ಮರ್ಯಾದೆ' ಎಂಬ ಮಾತಿಗೆ ಮಗಳ ಮುಖ ಸಣ್ಣದಾಯಿತು. ಔಷಧಿ ಅಂಗಡಿಯಾಕೆಗೂ ಅಯ್ಯೋ ಅನ್ನಿಸಿರಬೇಕು, ಮಾತು ತಿರುಗಿಸಿದಳು. "ಆ ದೀಪದ ಸಾಲಿನ ಕೆಳಗೆ ಒಂದು ಹೂವು ಇತ್ತು, ನೆನಪಿದೆಯಾ ಮೇಷ್ಟ್ರೇ? ನಾನು ಅದಕ್ಕೆ ಕೆಂಪು ಪೆನ್ಸಿಲಲ್ಲಿ ಬಣ್ಣ ತುಂಬಿದ್ದೆ."

"ನಾನು ನೀಲಿ!" ಎಂದಿತು ಇನ್ನೊಂದು ದನಿ. "ನಂದು ಐದು ಎಸಳಿಗೆ ಐದು ಬಣ್ಣ." ಒಂದು ಗಳಿಗೆ ಎಲ್ಲರೂ ಹನ್ನೆರಡು ವರ್ಷದವರಾಗಿಬಿಟ್ಟರು. ಮೊಳೆಯಣ್ಣ ಮಾತ್ರ ಕುರ್ಚಿಯಲ್ಲಿ ಇನ್ನಷ್ಟು ಗೋಡೆಗೆ ಸರಿದ.

ಆ ಹೂವನ್ನು ಅಲ್ಲಿ ಇಟ್ಟವನು ಅವನು.

ಅಚ್ಚುಕೂಟದಲ್ಲಿ ಮೂವತ್ತೆಂಟು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದ್ದರಿಂದ ಬಂದ ಹೆಸರು ಮೊಳೆಯಣ್ಣ. ಬೀದಿಗೆ ಹೊಸದಾಗಿ ಬಂದವರು ಬಡಗಿ ಎಂದುಕೊಂಡು ಕಿಟಕಿ ಸರಿಮಾಡಲು ಕರೆದದ್ದೂ ಉಂಟು. ಆ ಪುಸ್ತಕ ಅಚ್ಚಿಗೆ ಬಂದಾಗ ಅವನಿಗೆ ಇಪ್ಪತ್ತಾರು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಹದಿನಾರು ಪುಟ ಸೇರಿದರೆ ಒಂದು ಫಾರಂ, ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವುದು. ದರ್ಜಿ ಪಾಠ ಹದಿನಾರನೆಯ ಪುಟದ ಕೊನೆಗೆ ಮುಗಿಯಬೇಕಿತ್ತು. ಆರು ಸಾಲು ಮಿಕ್ಕಿತು. ಮುಂದಿನ ಫಾರಂ ಆಗಲೇ ಅಚ್ಚಾಗಿ ಒಣಗುತ್ತಿತ್ತು, ಅಲ್ಲಿಗೆ ದಾಟಿಸುವಂತಿರಲಿಲ್ಲ.

ಹೀಗಾದಾಗ ಮಿಕ್ಕ ಸಾಲುಗಳನ್ನು ದಾರ ಸುತ್ತಿ ತಟ್ಟೆಯಲ್ಲಿ ಎತ್ತಿಟ್ಟು, ಒಂದು ಚೀಟಿ ಬರೆದು, ಪ್ರೂಫ್ ನೋಡುವವರನ್ನು ಕೇಳುವುದು ಪದ್ಧತಿ. ಪ್ರೂಫ್ ನೋಡುವವರು ಹೆಂಡತಿಗೆ ಹುಷಾರಿಲ್ಲವೆಂದು ರಜೆಯಲ್ಲಿದ್ದರು. ಮಷೀನಿನವನು ಕೈ ಕಟ್ಟಿ ನಿಂತಿದ್ದ. ಮ್ಯಾನೇಜರು ಬಾಗಿಲಿನಿಂದಲೇ, "ಏನಾದರೂ ಮಾಡಿ ಫಾರಂ ಮುಚ್ಚು" ಎಂದರು. ಬರೀ ಆರು ಸಾಲು ತೆಗೆದರೆ ವಾಕ್ಯ ನಡುವೆ ತುಂಡಾಗುತ್ತದೆ. ಮೇಲೆ ಕಣ್ಣಾಡಿಸಿದ. ದೀಪದ ಸಾಲಿನ ನಂತರ ಒಂದಿಷ್ಟು ಬಿಡುವು ಇತ್ತು. ಅದರಾಚೆ ಹನ್ನೊಂದು ಸಾಲು. ಹನ್ನೊಂದನ್ನೂ ತೆಗೆದರೆ ಕತೆ ಮುಗಿದ ಹಾಗೆಯೇ ಕಾಣುತ್ತದೆ ಅನ್ನಿಸಿತು. ತೆಗೆದ. ಖಾಲಿ ಬಿದ್ದ ಐದು ಸಾಲಿನ ಜಾಗಕ್ಕೆ ಒಂದು ಹೂವಿನ ಅಚ್ಚು ಕೂರಿಸಿದ. ಪ್ರೂಫಿನವರು ಬಂದ ಮೇಲೆ ಹೇಳಿದರಾಯಿತು ಎಂದುಕೊಂಡ.

ಅವರು ಬರುವಷ್ಟರಲ್ಲಿ ಪುಸ್ತಕ ಅಚ್ಚಾಗಿ ಬೈಂಡಿನ ಹೊಲಿಗೆಗೆ ಹೋಗಿತ್ತು. ಇಂದು ಹೇಳೋಣ, ನಾಳೆ ಹೇಳೋಣ ಎಂದು ಮೂರು ವಾರ ತಳ್ಳಿದ. ಆಮೇಲೆ ಯಾವುದೋ ಕೆಲಸಕ್ಕೆ ಅಕ್ಷರ ಸಾಲದೆ ಬಂದಾಗ, ತಟ್ಟೆಯಲ್ಲಿದ್ದ ಹನ್ನೊಂದು ಸಾಲಿನ ದಾರ ತಾನೇ ಬಿಚ್ಚಿ, ಒಂದೊಂದೇ ಮೊಳೆಯನ್ನು ಅದರದರ ಖಾನೆಗೆ ಹಾಕಿದ.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಪುಸ್ತಕ ಬಂದ ತಿಂಗಳಿಗೆ ಸಣ್ಣ ಆಳೊಬ್ಬರು, ಕ್ಯಾನ್ವಾಸ್ ಬೂಟು ಹಾಕಿಕೊಂಡವರು, ಅಚ್ಚುಕೂಟದ ಮೆಟ್ಟಿಲು ಹತ್ತಿ ಬಂದರು. ಕತೆ ಬರೆದವರು. ಪುಸ್ತಕ ತೆರೆದು ಹೂವಿನ ಮೇಲೆ ಬೆರಳಿಟ್ಟು, "ಇದರ ಮುಂದಿನದು ಎಲ್ಲಿ ಹೋಯ್ತು?" ಎಂದು ಕೇಳಿದರು. "ಸಮಿತಿಯವರು ತೆಗೆದಿರಬೇಕು ಸಾರ್, ಮಕ್ಕಳ ಪುಸ್ತಕ ಅಲ್ವಾ," ಎಂದರು ಮ್ಯಾನೇಜರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಮೊಳೆಯಣ್ಣ ಕೈಯಲ್ಲಿ ಅರ್ಧ ಜೋಡಿಸಿದ ಸಾಲು ಹಿಡಿದು ನಿಂತಿದ್ದ. ಕೆಲಸ ಹೋದರೆ ಎಂಬ ಭಯ. ಬಾಯಿ ತೆರೆದ, ಮುಚ್ಚಿದ. ಕತೆ ಬರೆದವರು "ಹೌದಾ" ಎಂದರು. ಅಷ್ಟೇ. ಒಂದು ಲೋಟ ನೀರು ಕೇಳಿ ಕುಡಿದು ಇಳಿದು ಹೋದರು. ಮರುವರ್ಷ ತೀರಿಕೊಂಡರು. ಆಮೇಲೆ ಅವರ ಕತೆಗಳನ್ನು ಅಚ್ಚು ಹಾಕಿದವರೆಲ್ಲ ಪಾಠಪುಸ್ತಕ ನೋಡಿಕೊಂಡೇ ಹಾಕಿದರು.

ಇನ್ನೊಂದು ಸಂಗತಿಯನ್ನು ಮೊಳೆಯಣ್ಣ ತನಗೆ ತಾನೂ ಪೂರ್ತಿ ಹೇಳಿಕೊಂಡಿರಲಿಲ್ಲ. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಯಾರಾದರೂ ಆ ಪಾಠ ನೆನೆದು "ಎಂಥಾ ಕೊನೆ!" ಅಂದಾಗ ಅವನಿಗೆ ಭಯವಾಗುತ್ತಿತ್ತು, ಭಯದ ಅಡಿಯಲ್ಲಿ ಸ್ವಲ್ಪ ಸುಖವೂ ಆಗುತ್ತಿತ್ತು. ಮಗಳು ಹನ್ನೆರಡನೆಯ ವಯಸ್ಸಿನಲ್ಲಿ ಅವನ ಪಕ್ಕ ಕೂತು ಅದನ್ನು ಗಟ್ಟಿಯಾಗಿ ಓದಿ, ಮೂಗು ಒರೆಸಿಕೊಂಡು, ಹೂವಿಗೆ ಹಳದಿ ಬಣ್ಣ ತುಂಬಿದಾಗಲೂ ಹಾಗೆಯೇ ಆಗಿತ್ತು.

ಈಗ ಸಿನಿಮಾ ತರಗತಿಯ ಗುರುಗಳು, ಮೊದಲು ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಮೆತ್ತಗಿನ ಮನುಷ್ಯ, ಗಂಟಲು ಸರಿಮಾಡಿಕೊಂಡು ಎದ್ದಿದ್ದರು.

"ನೋಡಮ್ಮ, ನಮ್ಮ ತರಗತಿಯಿಂದ ಈ ವರ್ಷದ ಒಂದು ಸಿನಿಮಾನ ಎಲ್ಲಾ ಶಾಲೆಗೂ ಕಳಿಸ್ತಾರೆ. ನಿಂದೇ ಕಳಿಸಬೇಕು ಅಂತ ನನಗಾಸೆ. ನಾಳೆ ಬೆಳಿಗ್ಗೆ ಕೊನೇ ದಿನ. ಆದ್ರೆ ಜನ ಏನಂತಿದಾರೆ ಕೇಳಿದ್ಯಲ್ಲ. ದೀಪದ ಹತ್ರ ನಿಲ್ಲಿಸಿಬಿಡು. ಇಪ್ಪತ್ತೆರಡು ನಿಮಿಷ, ಚೊಕ್ಕವಾಗಿರುತ್ತೆ. ಯಾರೂ ಏನೂ ಅನ್ನಲ್ಲ."

"ಆದ್ರೆ ಸರ್, ಅವರು ಬರೆದಿದ್ದು..."

"ಅವರೇ ತೆಗೆದಿದಾರೆ ಅಂತ ಮೇಷ್ಟ್ರು ಹೇಳ್ತಿದಾರಲ್ಲಮ್ಮ. ಇಲ್ಲ ಅನ್ನೋದಕ್ಕೆ ನಿನ್ನ ಹತ್ರ ಏನಿದೆ?"

ಮಗಳು ಜೆರಾಕ್ಸ್ ಹಾಳೆಗಳನ್ನು ನೋಡಿದಳು. ಏನೂ ಇರಲಿಲ್ಲ. ಹಾಳೆಗಳ ಅಂಚು ಸರಿಮಾಡಿ ಮತ್ತೆ ಕಡತದೊಳಗೆ ಇಟ್ಟಳು.

"ಸರಿ ಸರ್," ಎಂದಳು. "ತೆಗೀತೀನಿ."

ಜಗಳವಿಲ್ಲ, ಅಳುವಿಲ್ಲ. ಆ 'ಸರಿ'ಯನ್ನು ಮೊಳೆಯಣ್ಣ ಹಿಂದೆ ಒಮ್ಮೆ ಕೇಳಿದ್ದ. ಅದು 'ಹೌದಾ' ಎಂದಿತ್ತು, ಆಮೇಲೆ ಒಂದು ಲೋಟ ನೀರು ಕೇಳಿತ್ತು. ಅದೇ ಸಾಲುಗಳು ಎರಡನೆಯ ಸಲ, ಅವನ ಕಣ್ಣೆದುರಿಗೇ ಹೋಗುತ್ತಿದ್ದವು. ಈ ಸಲ ತೆಗೆಯುತ್ತಿದ್ದ ಕೈ ಮಗಳದು.

ಎದ್ದು ನಿಂತ. ಮೊಣಕಾಲು ಸದ್ದು ಮಾಡಿತು.

"ಏನ್ರೀ, ಬಾತ್‌ರೂಮಾ?" ಎಂದು ಹೆಂಡತಿ ಪಿಸುಗುಟ್ಟಿದಳು. "ಕೆಳಗಿದೆ. ಸ್ವಲ್ಪ ತಡ್ಕೊಳ್ಳಿ, ಎಲ್ಲಾ ಮುಗೀತಾ ಬಂತು."

"ತೆಗೀಬೇಡ," ಎಂದ ಮೊಳೆಯಣ್ಣ. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ನಲವತ್ತು ಮುಖ ತಿರುಗಿದವು. "ಅವರು ತೆಗೆದಿಲ್ಲ. ಸಮಿತೀನೂ ತೆಗೆದಿಲ್ಲ. ನಾನು ತೆಗೆದಿದ್ದು."

ಯಾರಿಗೂ ಅರ್ಥವಾಗಲಿಲ್ಲ. ಇಸ್ತ್ರಿಯವನು ಒಬ್ಬನೇ ನಕ್ಕು, ತಪ್ಪಾಯಿತೆಂದು ಕೂಡಲೇ ನಿಲ್ಲಿಸಿದ.

ಮೊಳೆಯಣ್ಣ ಹೇಳಿದ. ಎಂದೂ ನಾಲ್ಕು ಜನರ ಮುಂದೆ ಮಾತಾಡಿದವನಲ್ಲ. ಹಿಂದಿನದು ಮುಂದೆ, ಮುಂದಿನದು ಹಿಂದೆ ಆಯಿತು. ಫಾರಂ ಅಂದರೇನೆಂದು ಹೇಳಲು ಮುಂದಿನ ಕುರ್ಚಿಯವರ ಪತ್ರಿಕೆ ಕೇಳಿ ಪಡೆದು ಮಡಚಿ ತೋರಿಸಿದ. ಆರು ಸಾಲು, ಹನ್ನೊಂದು ಸಾಲು, ಐದು ಸಾಲಿನ ಖಾಲಿ ಎಂದು ಬೆರಳಲ್ಲಿ ಎಣಿಸಿದ. ಬಂದು ಹೋದ ಆ ಸಣ್ಣ ಆಳಿನ ವಿಷಯಕ್ಕೆ ಬಂದಾಗ ಗೋಡೆ ಹಿಡಿದುಕೊಂಡು ಅದನ್ನೂ ಹೇಳಿದ. "ಹತ್ತು ಹೆಜ್ಜೆ ಇತ್ತು. ಹತ್ತು ಹೆಜ್ಜೆ ನಡೆದು ಹೋಗಿ ನನ್ನಿಂದ ಆಯ್ತು ಸಾರ್ ಅಂದಿದ್ರೆ ಮುಗೀತಿತ್ತು. ಅನ್ನಲಿಲ್ಲ."

"ಸುಮ್ಮನೆ ಮಗಳನ್ನ ಉಳಿಸೋಕೆ ಹೇಳ್ತಿಲ್ಲ ತಾನೇ ಮೊಳೆಯಣ್ಣ?" ಎಂದರು ಮೇಷ್ಟರು. ಒರಟಾಗಿ ಅಲ್ಲ, ಹಾಗಿದ್ದರೆ ಚೆನ್ನಾಗಿತ್ತು ಎಂಬ ಆಸೆ ದನಿಯಲ್ಲಿತ್ತು.

"ಪುಸ್ತಕ ನಿಮ್ಮ ಕೈಯಲ್ಲೇ ಇದೆಯಲ್ಲ ಮೇಷ್ಟ್ರೇ. ಇಪ್ಪತ್ತೇಳು ಪಾಠ ಇದೆ ಅದರಲ್ಲಿ. ಬೇರೆ ಯಾವುದರ ಕೆಳಗಾದ್ರೂ ಹೂವು ಇದೆಯಾ ನೋಡಿ. ನಮ್ಮಲ್ಲಿ ಪಾಠಪುಸ್ತಕಕ್ಕೆ ಹೂವು ಹಾಕೋ ರೂಢಿನೇ ಇರಲಿಲ್ಲ. ಸಿಕ್ಕಿದ್ದನ್ನ ಹಾಕಿದೆ, ಲೆಟರ್‌ಹೆಡ್‌ಗೆ ಬಳಸೋ ಅಚ್ಚು ಅದು."

ಮೇಷ್ಟರು ಕನ್ನಡಕ ಏರಿಸಿ ಮೊದಲ ಪುಟದಿಂದ ತಿರುವಿದರು. ಆ ಕೋಣೆಯಲ್ಲಿ ಆಗ ಕೇಳಿಸಿದ್ದು ಹಾಳೆಯ ಸದ್ದು ಮಾತ್ರ. ಕೆಲವು ಪುಟ ಅಂಟಿಕೊಂಡಿದ್ದವು, ಉಗುರಿನಿಂದ ಬಿಡಿಸಿದರು. ಹೂವಿದ್ದ ಪುಟ ಬಂತು, ಹೋಯಿತು. ಕೊನೆಯವರೆಗೆ ತಿರುವಿದರು. ಆಮೇಲೆ ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟು ಕೂತರು.

"ಮೂವತ್ತೊಂದು ವರ್ಷ," ಎಂದರು ಯಾರಿಗೂ ಅಲ್ಲದ ಹಾಗೆ. "ಒಂದು ಹುಡುಗಿ ಬರೆದಿದ್ಲು. ದರ್ಜಿಗೆ ಆಮೇಲೆ ಕೋಟು ನೆನೆದು ಹೊಟ್ಟೆ ಉರೀಲಿಲ್ವಾ ಅಂತ. ಕೆಂಪು ಶಾಯೀಲಿ ಅಡ್ಡಗೆರೆ ಎಳೆದೆ. ಸೊನ್ನೆ ಕೊಟ್ಟೆ."

ಔಷಧಿ ಅಂಗಡಿಯಾಕೆ ಮೊಳೆಯಣ್ಣನನ್ನೇ ನೋಡುತ್ತಿದ್ದಳು. ಎಷ್ಟೋ ವರ್ಷದಿಂದ ಅವನಿಗೆ ರಕ್ತದೊತ್ತಡದ ಮಾತ್ರೆ ಕೊಡುವವಳು. "ಅಲ್ಲ ಮೊಳೆಯಣ್ಣ," ಎಂದಳು ಸಮಾಧಾನ ಮಾಡುವವಳಂತೆ, "ಆದದ್ದಾಯ್ತು ಬಿಡಿ. ನಿಜ ಹೇಳಬೇಕು ಅಂದ್ರೆ, ಅವರು ಬರೆದಿದ್ದಕ್ಕಿಂತ ನೀವು ಮುಗಿಸಿದ್ದೇ ಚೆನ್ನಾಗಿದೆ."

ನಾಲ್ಕೂವರೆ ದಶಕ ಈ ಮಾತು ಯಾರಾದರೂ ತನ್ನ ಮುಖಕ್ಕೇ ಹೇಳಲಿ ಎಂದು ಒಳಗೊಳಗೇ ಕಾದಿದ್ದೆನೇ ಎಂದು ಅವನಿಗೆ ಆಗ ಹೊಳೆಯಿತು. ಈಗ ಹೇಳಿದ್ದಳು. ಅದನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಚೆನ್ನಾಗಿರಬಹುದಮ್ಮ," ಎಂದ. "ಆದ್ರೆ ಕೆಳಗೆ ಅವರ ಹೆಸರಿದೆ."

ಹೆಂಡತಿ ಅವನ ಅಂಗಿಯ ತುದಿ ಹಿಡಿದು ಜಗ್ಗಿದಳು. "ಮೊದಲು ಕೂತ್ಕೊಳ್ಳಿ. ಬಿದ್ದುಗಿದ್ದೀರಾ." ಅವನು ಕೂತ ಮೇಲೆ ಮೆಲ್ಲಗೆ, "ನನಗಾದ್ರೂ ಹೇಳಬಾರದಿತ್ತಾ? ನಾನೇನು ಹೋಗಿ ಅಚ್ಚು ಹಾಕಿಸ್ತಿದ್ನಾ?" ಎಂದಳು. ಅಂಗಿಯ ತುದಿ ಮಾತ್ರ ಬಿಡಲಿಲ್ಲ.

ಮಗಳು ನಿಂತ ಜಾಗದಿಂದ ಅಲುಗಿರಲಿಲ್ಲ.

"ಎರಡು ವರ್ಷ ಅಪ್ಪ," ಎಂದಳು. "ಈ ಕೆಳಗಿನ ಕೋಣೇಲಿ ಧೂಳು ತಿಂದ್ಕೊಂಡು ಆ ಪತ್ರಿಕೆಗಾಗಿ ಒಂದೊಂದೇ ಕಟ್ಟು ಬಿಚ್ಚಿದೀನಿ. ಮನೆಗೆ ಬಂದು ಸಿಕ್ಕಲಿಲ್ಲ ಅಪ್ಪ ಅಂದಾಗ ನೀನು, ಪಾಠದಲ್ಲಿ ಇದ್ದ ಹಾಗೇ ಮಾಡು ಸಾಕು ಅಂತಿದ್ದೆ. ಸಿಕ್ತು ಅಂತ ಕುಣಿದಾಡಿದ ದಿನ ನೀನು ಊಟ ಬಿಟ್ಟು ಮಲಗಿದೆ. ಹೊಟ್ಟೆ ಸರಿಯಿಲ್ಲ ಅಂದೆ."

"ಹೇಳಬೇಕು ಅಂತಲೇ ಇದ್ದೆ ಕಣಮ್ಮ," ಎಂದು ಶುರುಮಾಡಿದ ಮೊಳೆಯಣ್ಣ, ಅರ್ಧಕ್ಕೆ ನಿಲ್ಲಿಸಿದ. ಈಗಲೂ ಸುಳ್ಳೇ? "ಇಲ್ಲ. ಹೇಳಬಾರದು ಅಂತಲೇ ಇದ್ದೆ. ನಿನಗೆ ಸಿಕ್ಕದೆ ಹೋಗಲಿ ಅಂತ ಇದ್ದೆ."

ಮಗಳು ತುಟಿ ಕಚ್ಚಿಕೊಂಡಳು. ಅವಳು ಇನ್ನೇನೋ ಕಟುವಾದದ್ದು ಹೇಳುತ್ತಾಳೆಂದು ಅವನು ಕಾದ. ಹೇಳಲಿ ಎಂದೂ ಇತ್ತು. ಅವಳು ಕಡತದ ಗುಂಡಿ ಒತ್ತಿ ಮುಚ್ಚಿದಳು. ಅಷ್ಟರಲ್ಲಿ ಇಬ್ಬರು ಮೂವರು ಎದ್ದು, ಬೇರೆಯವರ ಮನೆಯ ಜಗಳದ ನಡುವೆ ಸಿಕ್ಕಿಕೊಂಡವರಂತೆ, ಕುರ್ಚಿ ಸದ್ದಾಗದ ಹಾಗೆ ಸರಿಸಿ ಹೊರಟುಹೋದರು.

"ಹಾಗಾದ್ರೆ..." ಎಂದರು ಗುರುಗಳು, ಒಮ್ಮೆ ಮೇಷ್ಟರನ್ನೂ ಒಮ್ಮೆ ಮಗಳನ್ನೂ ನೋಡಿ. "ಹಾಗಾದ್ರೆ ಪೂರ್ತಿ ಕಳಿಸೋದೇ?"

"ಕಳಿಸ್ತೀನಿ," ಎಂದಳು ಮಗಳು. "ಇಪ್ಪತ್ತಾರು ನಿಮಿಷ. ಬೇಡ ಅಂದ್ರೆ ಯಾವುದೂ ಬೇಡ."

ಗುರುಗಳು ಕತ್ತು ಅಲ್ಲಾಡಿಸಿದರು. ಅದು ಹೂಂ ಎಂದೋ ಉಹೂಂ ಎಂದೋ ಅವರಿಗೇ ಗೊತ್ತಿರಲಿಲ್ಲ. ಮೇಷ್ಟರು ತಲೆ ಎತ್ತಿದರು. "ಕಳಿಸಿ ಅಂದವರಲ್ಲಿ ನನ್ನ ಹೆಸರೂ ಸೇರಿಸಿ ಬರೀರಿ," ಎಂದರು. "ಆದ್ರೆ ಅದಕ್ಕೆ ಮೊದಲು ಇನ್ನೊಂದ್ಸಲ ಹಾಕಮ್ಮ. ದೀಪದಿಂದ ಈಚೆಗೆ ಮಾತ್ರ. ನಾನು ಸಿಟ್ಟಲ್ಲಿ ನೋಡಿದೆ, ಸರಿಯಾಗಿ ನೋಡಲಿಲ್ಲ."

ದೀಪ ಆರಿತು. ಮೊಳೆಯಣ್ಣ ಈ ಸಲ ತಲೆ ಎತ್ತಿದ್ದ.

ಆ ಹನ್ನೊಂದು ಸಾಲುಗಳನ್ನು ಅವನಷ್ಟು ಹತ್ತಿರದಿಂದ ಕಂಡವರು ಯಾರೂ ಇರಲಿಲ್ಲ. ಒಂದೊಂದು ಅಕ್ಷರವನ್ನೂ ಬೆರಳಲ್ಲಿ ಹಿಡಿದಿದ್ದ, ಎರಡು ಸಲ. ಜೋಡಿಸುವಾಗ ಒಮ್ಮೆ, ಬಿಡಿಸುವಾಗ ಒಮ್ಮೆ. ಆದರೆ ಮೊಳೆ ಜೋಡಿಸುವವನು ಅಕ್ಷರ ನೋಡುತ್ತಾನೆ, ಅದೂ ತಿರುಗುಮುರುಗಾಗಿ. ಎಷ್ಟು ಸಾಲಾಯಿತು ಎಂದು ನೋಡುತ್ತಾನೆ. ಅದರಲ್ಲಿ ಒಬ್ಬ ಮನುಷ್ಯ ಹೀಗೆ ಬರಿಗಾಲಲ್ಲಿ ಓಡುತ್ತಾನೆಂದು ಅವನಿಗೆ ಗೊತ್ತಿರಲಿಲ್ಲ. ಕೊಟ್ಟದ್ದನ್ನು ವಾಪಸ್ ಕೇಳುವಾಗ ಆ ಮುಖ ಹೀಗೆ ಆಗುತ್ತದೆಂದೂ ಗೊತ್ತಿರಲಿಲ್ಲ. ಇಸ್ತ್ರಿಯವನ ಮುಖ ಅದು, ದಿನಾ ನೋಡುವ ಮುಖ. ಆದರೂ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ. ದಾರಿಹೋಕ ಮೇಲಿನ ಗುಂಡಿ ಬಿಚ್ಚಿದ. ಎರಡನೆಯದು. ಮೂರನೆಯದು. ಪಕ್ಕದಲ್ಲಿ ಹೆಂಡತಿ ಉಸಿರು ಹಿಡಿದಿದ್ದಳು. ಮುಂದಿನ ಸಾಲಿನಲ್ಲಿ ಔಷಧಿ ಅಂಗಡಿಯಾಕೆ, "ಅಯ್ಯೋ, ಕೊಡಬೇಡ್ವೋ," ಎಂದಳು ಯಾರಿಗೋ, ಬಹುಶಃ ದಾರಿಹೋಕನಿಗೆ.

ಕೋಟು ಕೈಯಲ್ಲಿ ಹಿಡಿದು ದರ್ಜಿ ಕೋಣೆಯ ನಡುವೆ ನಿಂತ. ಪರದೆ ಬಿಳಿಯಾಯಿತು. ಈ ಸಲವೂ ಚಪ್ಪಾಳೆ ಬೀಳಲಿಲ್ಲ. ಇಸ್ತ್ರಿಯವನು ಕೂಡ ತಮಾಷೆ ಮಾಡಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು, ಮೆಟ್ಟಿಲ ಹತ್ತಿರ ಮೇಷ್ಟರಿಗೆ ದಾರಿ ಬಿಟ್ಟು, ಇಳಿದರು.

ಮಗಳು ಗೋಡೆಯ ಪಕ್ಕದಲ್ಲಿ ಕೂತು ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದಳು. ಮೊಳೆಯಣ್ಣ ಹೋಗಿ ಹತ್ತಿರ ನಿಂತ. ಅವಳು ತಲೆ ಎತ್ತಲಿಲ್ಲ. ಕೇಳಬೇಕಾದದ್ದು ಬೇರೆ ಏನೋ ಇತ್ತು. ಅದಕ್ಕೆ ಮಾತು ಕೂಡಿಬರಲಿಲ್ಲ.

"ಅವನು ಆಮೇಲೆ ಏನಾದ?" ಎಂದು ಕೇಳಿದ.

"ಯಾರು?"

"ಕೋಟು ವಾಪಸ್ ಕೊಟ್ಟವನು. ಅಷ್ಟು ಚಳೀಲಿ ಎಲ್ಲಿಗೆ ಹೋದ?"

ಮಗಳ ಕೈ ನಿಂತಿತು. "ಕತೇಲಿ ಇಲ್ಲ."

"ಯಾರಾದ್ರೂ ತೆಗೆದಿರಬಹುದಾ?"

ಅವಳು ಈಗ ಅವನ ಮುಖ ನೋಡಿದಳು. ಸಿಟ್ಟು ಇಳಿದಿರಲಿಲ್ಲ, ಇನ್ನೂ ಎಷ್ಟೋ ದಿನ ಇಳಿಯುವಂತೆಯೂ ಕಾಣಲಿಲ್ಲ. ಆದರೂ ಎಕ್ಸ್-ರೇ ಕೋಣೆಯಲ್ಲಿ ಹೆದರಿದವರಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

"ಇಲ್ಲ ಅಪ್ಪ. ಅದನ್ನ ಯಾರೂ ತೆಗೆದಿಲ್ಲ. ಅವರು ಬರೆದಿದ್ದೇ ಅಷ್ಟು."